ಹಾಡಿಗೆ ಮೊದಲೇ ಕೇಳಿಸುವ ಹಾಡು

ಈ ಅಂಕಣವನ್ನು ಓದುವವರಿಂದ ನನಗೆ ಬರುವ ಕಾಗದಗಳಲ್ಲಿ ಎರಡು ಪ್ರಶ್ನೆಗಳು ಬಹುದಿನಗಳಿಂದ ಬೇರೆಬೇರೆ ಕೈಬರಹಗಳಲ್ಲಿ ಮರಳಿ ಮರಳಿ ಬರುತ್ತಿವೆ. ಪಿರಿಯಾಪಟ್ಟಣದ ಕಡೆಯ ತರುಣರೊಬ್ಬರು ಕೇಳುತ್ತಾರೆ: ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಅಕ್ಷರಗಳನ್ನು ಹಿಡಿದಿಡುವ ಕಾಂತಕಣಗಳನ್ನು ಕಿರಿದುಮಾಡಿದಷ್ಟೂ ಹೆಚ್ಚು ಅಕ್ಷರಗಳು ಹಿಡಿಯುವುವಾದರೆ, ಹಾಗೆಯೇ ಕಿರಿದುಮಾಡುತ್ತ ಹೋಗಿ ಲೋಕದ ಗ್ರಂಥಭಂಡಾರವನ್ನೆಲ್ಲ ಒಂದು ರಾಗಿಕಾಳಿನಲ್ಲಿ ಅಡಗಿಸಲು ಏನಡ್ಡಿ? ಕೃಷ್ಣರಾಜನಗರದ ಗೃಹಿಣಿಯೊಬ್ಬರ ಪ್ರಶ್ನೆ ಬೇರೊಂದು ಬಗೆಯದು: ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಮೂವತ್ತು ನಲವತ್ತು ವರ್ಷದ ಹಿಂದಿನ ಹಾಡಿನ ಕ್ಯಾಸೆಟ್ಟುಗಳಿವೆ, ಅವುಗಳೊಳಗಿನ ದನಿ ಇನ್ನೆಷ್ಟು ಕಾಲ ಉಳಿದೀತು? ಮೊದಲನೆಯದು ಬರಲಿರುವ ಕಾಲವನ್ನು ಕುರಿತದ್ದು, ಎರಡನೆಯದು ಕಳೆದ ಕಾಲವನ್ನು ಕುರಿತದ್ದು. ಆದರೂ ಎರಡಕ್ಕೂ ಉತ್ತರವಿರುವುದು ಒಂದೇ ಸಂಗತಿಯಲ್ಲಿ. ಕಬ್ಬಿಣವು ಎಷ್ಟು ಕಾಲ ನೆನಪಿಟ್ಟುಕೊಳ್ಳುತ್ತದೆಂಬುದು ಅದರ ಕಣದ ಗಾತ್ರದ ಮೇಲೆ ನಿಂತಿದೆ; ಅದೂ, ನಮ್ಮ ಊಹೆಗೆ ಸುಲಭವಾಗಿ ಒಗ್ಗದಷ್ಟು ಉಗ್ರವಾಗಿ ನಿಂತಿದೆ.

ನನ್ನಲ್ಲಿಯೂ ಅಂಥದೊಂದು ಕ್ಯಾಸೆಟ್ಟುಂಟು. ೧೯೮೬ರ ಬೇಸಗೆಯಲ್ಲಿ ಬೀಚನಹಳ್ಳಿಯ ನಮ್ಮ ಮನೆಯಲ್ಲಿ ತಂಗಿಯ ಮದುವೆ ನಡೆದಾಗ, ಅವ್ವನೂ ಕೇರಿಯ ಹೆಂಗಸರೂ ಹಸೆಗೆ ಕರೆಯುತ್ತ ಹಾಡಿದ ಸೋಬಾನೆಯನ್ನು ಮೈಸೂರಿನಿಂದ ಬಂದಿದ್ದ ನಂಟರೊಬ್ಬರು ತಮ್ಮ ಟೇಪ್ ರೆಕಾರ್ಡರಿನಲ್ಲಿ ಹಿಡಿದು, ಆ ಕ್ಯಾಸೆಟ್ಟನ್ನು ನಮಗೇ ಬಿಟ್ಟುಹೋದರು. ಅವ್ವ ತೀರಿಕೊಂಡು ಬಹಳ ವರ್ಷಗಳಾದುವು. ಹೋದ ವರ್ಷ ಅದನ್ನು ಹೊರತೆಗೆದು, ಮೊಮ್ಮಗ ಎಲ್ಲಿಂದಲೋ ತಂದ ಹಳೆಯ ಯಂತ್ರದಲ್ಲಿ ಇಟ್ಟು ಕೇಳಿದಾಗ, ನಾನು ಹಿಂದೆಂದೂ ಗಮನಿಸದಿದ್ದ ಒಂದು ವಿಚಿತ್ರ ಕಿವಿಗೆ ಬಿತ್ತು. ಒಂದು ಹಾಡು ಮುಗಿದು ಇನ್ನೊಂದು ಆರಂಭವಾಗುವುದಕ್ಕೆ ಮುಂಚಿನ ಮೌನದಲ್ಲಿ, ದೂರದ ಹೊಲದಾಚೆಯಿಂದ ಬಂದಂತೆ, ಅತ್ಯಂತ ಕ್ಷೀಣವಾಗಿ ಅವ್ವನ ದನಿಯೇ ಆ ಮುಂದಿನ ಹಾಡಿನ ಮೊದಲ ನುಡಿಯನ್ನು ಹಾಡುತ್ತಿತ್ತು. ಸುಮಾರು ಎರಡು ಸೆಕೆಂಡುಗಳ ತರುವಾಯ ಅದೇ ನುಡಿ, ಅದೇ ಏರಿಳಿತದಲ್ಲಿ, ತುಂಬುದನಿಯಾಗಿ ಬಂದಿತು. ಪ್ರತಿಧ್ವನಿಯು ದನಿಯ ಹಿಂದೆ ಬರತಕ್ಕದ್ದು. ದನಿಗಿಂತ ಮುಂದೆ ಬರುವ ಪ್ರತಿಧ್ವನಿಯನ್ನು ನಾನು ಕೇಳಿರಲಿಲ್ಲ. ನಲವತ್ತು ವರ್ಷ ಭೌತಶಾಸ್ತ್ರವನ್ನು ಬೋಧಿಸಿದವನಿಗೆ ಅದರ ಕಾರಣವನ್ನು ತಿಳಿಯದೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ಕಾಂತಕಣಗಳೊಡನೆ ನನ್ನ ಪರಿಚಯವಾದರೋ ಇದಕ್ಕಿಂತ ಬಹಳ ಹಿಂದಿನದು. ಕಬಿನಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ೧೯೭೪ರಲ್ಲಿ ಮುಗಿದ ಆ ಕೆಲಸದಲ್ಲಿ ನಮ್ಮ ತಂದೆ ಗಾರೆಯ ಮೇಸ್ತ್ರಿಯಾಗಿದ್ದರು. ಒಡೆದುಹೋದ ಧ್ವನಿವರ್ಧಕವೊಂದರಿಂದ ಕಳಚಿದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹೊಳೆಯ ಮರಳಿನಲ್ಲಿ ಎಳೆದುಕೊಂಡು ಹೋಗುವುದು ನಮ್ಮ ಹುಡುಗರ ತಂಡಕ್ಕೆ ಒಂದು ವ್ಯಸನವಾಗಿತ್ತು. ಅಯಸ್ಕಾಂತಕ್ಕೆ ಕರಿಮರಳು ಮೀಸೆಯಂತೆ ಮೂಡಿ ನಿಲ್ಲುತ್ತಿತ್ತು. ನಮ್ಮ ಪಕ್ಕದ ಸರಗೂರಿನ ಹೆಸರನ್ನೇ ಹೊತ್ತಿರುವ, ಮುನ್ನೂರು ಕೋಟಿ ವರ್ಷಕ್ಕೂ ಹಳೆಯದಾದ ಶಿಲಾಸಮೂಹದಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು ಪಟ್ಟೆಪಟ್ಟೆಯಾಗಿ ಸೇರಿಕೊಂಡಿದೆ ಎಂಬುದನ್ನು ಭೂವಿಜ್ಞಾನದ ಪುಸ್ತಕದಲ್ಲಿ ಓದಿದ್ದು ಎಷ್ಟೋ ಆಮೇಲೆ. ಆಗ ನಮ್ಮನ್ನು ಕಾಡಿದ್ದು ಬೇರೆಯ ಮಾತು. ಹೊಲಿಗೆಯ ಸೂಜಿಯೊಂದನ್ನು ಅಯಸ್ಕಾಂತಕ್ಕೆ ಉಜ್ಜಿದರೆ ಸೂಜಿಯೂ ಅಯಸ್ಕಾಂತವಾಗಿ ಉಳಿಯುತ್ತಿತ್ತು. ಕರಿಮರಳನ್ನು ಮಾತ್ರ ಎಷ್ಟು ಹೊತ್ತು ಉಜ್ಜಿದರೂ, ಅಯಸ್ಕಾಂತವನ್ನು ದೂರಮಾಡಿದೊಡನೆ ಅದು ಎಲ್ಲವನ್ನೂ ಮರೆತು ಸಾಮಾನ್ಯ ಮರಳಿನಂತೆ ಬಿದ್ದುಕೊಳ್ಳುತ್ತಿತ್ತು.

ಅದು ಮರೆಯುತ್ತಿದ್ದುದು ಏತಕ್ಕೆಂದರೆ, ಅದರ ಕಣ ತೀರ ದೊಡ್ಡದು. ಈ ಮಾತನ್ನು ಒಂದು ಕುಟುಂಬದ ಆಸ್ತಿಯ ಪಾಲಿನಂತೆ ಯೋಚಿಸಿದರೆ ಸುಲಭವಾಗಿ ತಿಳಿಯುತ್ತದೆ. ಕಬ್ಬಿಣದ ಕಣವೊಂದರೊಳಗೆ ಪರಮಾಣುಗಳೆಲ್ಲ ಕಿರುಕಾಂತಗಳಂತಿದ್ದು, ನೆರೆಯವರೊಡನೆ ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲಲು ಬಯಸುತ್ತವೆ. ಆದರೆ ಕಣವು ದೊಡ್ಡದಾದಾಗ ಎಲ್ಲವೂ ಒಂದೇ ಕಡೆಗೆ ನಿಂತರೆ, ಕಣದ ಹೊರಗೆ ಚಾಚುವ ಕಾಂತಕ್ಷೇತ್ರವನ್ನು ಹೊರುವ ಶಕ್ತಿವೆಚ್ಚ ಅತಿಯಾಗುತ್ತದೆ. ಆ ವೆಚ್ಚವನ್ನು ತಗ್ಗಿಸಿಕೊಳ್ಳಲು ಕಣವು ಒಳಗೊಳಗೇ ಪಾಲುಪಾಲಾಗಿ, ಒಂದು ಪಾಲು ಮೂಡಣಕ್ಕೆ ಮುಖಮಾಡಿದರೆ ಪಕ್ಕದ್ದು ಪಡುವಣಕ್ಕೆ ಮುಖಮಾಡುತ್ತದೆ. ಈ ಪಾಲುಗಳನ್ನು ಕಾಂತವಲಯಗಳೆನ್ನುತ್ತಾರೆ. ವಲಯ ವಲಯಗಳ ನಡುವಿನ ಗಡಿ ಗಟ್ಟಿಯಾದ ಗೋಡೆಯಲ್ಲ, ಹೊಲದ ಬದುವಿನಂತೆ ಅತ್ತಿತ್ತ ಸರಿಯಬಲ್ಲದ್ದು. ಅಯಸ್ಕಾಂತ ಹತ್ತಿರ ಬಂದಾಗ ಒಂದು ಕಡೆಗೆ ಸರಿದು, ದೂರಹೋದಾಗ ತನ್ನ ಜಾಗಕ್ಕೆ ಹಿಂತಿರುಗುತ್ತದೆ. ಮರಳುಕಣದ ಮರೆವು ಇದೇ. ಆದರೆ ಬದುವಿಗೊಂದು ಸ್ವಭಾವವುಂಟು, ನಮ್ಮ ರೈತರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ: ಹೊಲ ಕಿರಿದಾದರೂ ಬದುವಿನ ಅಗಲ ಕಿರಿದಾಗುವುದಿಲ್ಲ. ಹತ್ತು ಎಕರೆಯನ್ನು ನಾಲ್ಕು ಪಾಲು ಮಾಡಬಹುದು; ಎರಡು ಗುಂಟೆಯನ್ನು ನಾಲ್ಕು ಪಾಲು ಮಾಡಹೊರಟರೆ ಬದುವೇ ಭೂಮಿಯನ್ನು ನುಂಗಿಬಿಡುತ್ತದೆ. ಪಾಲಾಗುವುದರಿಂದ ಬರುವ ಲಾಭ ಕಣದ ಒಟ್ಟು ಗಾತ್ರವನ್ನು ಅನುಸರಿಸಿ ಕುಗ್ಗುತ್ತದೆ, ಗಡಿಯ ವೆಚ್ಚವಾದರೋ ಗಡಿಯ ವಿಸ್ತೀರ್ಣವನ್ನು ಅನುಸರಿಸಿ ನಿಧಾನವಾಗಿ ಕುಗ್ಗುತ್ತದೆ. ಆದುದರಿಂದ ಒಂದು ಹಂತದ ಕೆಳಗೆ ಕಣವು ಪಾಲಾಗದೆ ಅವಿಭಕ್ತವಾಗಿ ಉಳಿಯುತ್ತದೆ. ಮ್ಯಾಗ್ನೆಟೈಟಿಗೆ ಆ ಹಂತ ಸುಮಾರು ೮೦ ನ್ಯಾನೋಮೀಟರು. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.

ಹೀಗೆ ಅವಿಭಕ್ತವಾದ ಕಣವೇ ನೆನಪಿನ ಮನೆ. ಅದಕ್ಕೆ ಸರಿಸಲು ಬದುವಿಲ್ಲ; ದಿಕ್ಕು ಬದಲಾಯಿಸಬೇಕಾದರೆ ಎಲ್ಲ ಪರಮಾಣುಗಳೂ ಏಕಕಾಲದಲ್ಲಿ ತಿರುಗಬೇಕು. ಸ್ಫಟಿಕದ ರಚನೆಯಿಂದಲೋ ಕಣದ ಆಕಾರದಿಂದಲೋ ಅದಕ್ಕೆ ಇಂಥ ಎರಡು ದಿಕ್ಕುಗಳಲ್ಲಿ ಮಾತ್ರವೇ ನಿಲ್ಲಬೇಕೆಂಬ ಹಟವಿರುತ್ತದೆ, ಮೇಲಕ್ಕೆ ಅಥವಾ ಕೆಳಕ್ಕೆ ಎಂದು ಇಟ್ಟುಕೊಳ್ಳೋಣ. ಈ ಎರಡು ನೆಲೆಗಳ ನಡುವೆ ಶಕ್ತಿಯ ಒಂದು ಕಟ್ಟೆಯಿದೆ. ಮೇಲು ಎಂದರೆ ಒಂದು, ಕೆಳಗು ಎಂದರೆ ಸೊನ್ನೆ; ಕಂಪ್ಯೂಟರಿನ ಅಕ್ಷರಮಾಲೆಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ. (ಈಗಿನ ಮೊಬೈಲು ಮತ್ತು ಪೆನ್‌ಡ್ರೈವುಗಳಲ್ಲಿ ಕಾಂತವಿಲ್ಲ, ಅಲ್ಲಿರುವುದು ಸೆರೆಯಾದ ವಿದ್ಯುತ್ಕಣಗಳು, ನಾನು ಹೇಳುತ್ತಿರುವುದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕನ್ನೂ ಟೇಪನ್ನೂ ಕುರಿತು.)

ಇಲ್ಲಿಗೆ ತರುಣರ ಪ್ರಶ್ನೆ ಎದುರಾಗುತ್ತದೆ. ೮೦ ನ್ಯಾನೋಮೀಟರಿನಿಂದಲೂ ಕೆಳಕ್ಕೆ ಇಳಿಯುತ್ತ ಹೋದರೇನು? ಕಟ್ಟೆಯ ಎತ್ತರವು ಕಣದ ಗಾತ್ರಕ್ಕೆ ಸರಿಯಾಗಿ ಇಳಿಯುತ್ತದೆ. ಗಾತ್ರವಾದರೋ ಅಡ್ಡಳತೆಯ ಘನವನ್ನು ಅನುಸರಿಸುವುದರಿಂದ, ಅಡ್ಡಳತೆ ಅರ್ಧವಾದಾಗ ಕಟ್ಟೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಇತ್ತ ಉಷ್ಣದ ಚಂಚಲತೆ ಒಂದೇ ಸಮನಾಗಿರುತ್ತದೆ. ಮಳೆಗಾಲದಲ್ಲಿ ಕಬಿನಿ ತುಂಬಿ ೨೨೮೪ ಅಡಿಯ ಮಟ್ಟಕ್ಕೆ ಬಂದು ನಿಂತಾಗ, ವಯನಾಡಿನ ಕಡೆಯಿಂದ ಬೀಸುವ ಗಾಳಿಗೆ ಏಳುವ ಅಲೆಗಳು ಅಣೆಕಟ್ಟೆಯನ್ನು ಹಗಲಿರುಳೂ ಬಡಿಯುವುದನ್ನು ನೋಡುತ್ತ ನಾನು ಬೆಳೆದೆ. ಅಷ್ಟು ಎತ್ತರದ ಕಟ್ಟೆಗೆ ಆ ಅಲೆಗಳು ಏನೂ ಅಲ್ಲ. ಅದೇ ಅಲೆ ಗದ್ದೆಯ ಬದುವಿಗೆ ಬಡಿದರೆ ನೀರು ಆಚೆಗೆ ಚೆಲ್ಲುತ್ತದೆ. ಅತಿಸೂಕ್ಷ್ಮ ಕಣದ ಗತಿಯೂ ಅಂಥದೇ: ಕೋಣೆಯ ಸಾಧಾರಣ ಉಷ್ಣವೇ ಅದನ್ನು ಕಟ್ಟೆ ದಾಟಿಸಿ ಮೇಲಕ್ಕೂ ಕೆಳಕ್ಕೂ ಹೊರಳಿಸುತ್ತಿರುತ್ತದೆ. ಆಗ ಅದು ಕಾಂತವೂ ಹೌದು, ನೆನಪಿಲ್ಲದ ಕಾಂತವೂ ಹೌದು. ವಿಜ್ಞಾನಿಗಳು ಅದನ್ನು ಸೂಪರ್ ಪ್ಯಾರಾಮ್ಯಾಗ್ನೆಟಿಸಂ ಎನ್ನುತ್ತಾರೆ. ಆದುದರಿಂದ ದೊಡ್ಡ ಕಣವೂ ಮರೆಯುತ್ತದೆ, ತೀರ ಚಿಕ್ಕದೂ ಮರೆಯುತ್ತದೆ; ನೆನಪು ವಾಸಿಸುವುದು ಇವೆರಡರ ನಡುವಿನ ಒಂದು ಕಿರಿದಾದ ಓಣಿಯಲ್ಲಿ. ಮ್ಯಾಗ್ನೆಟೈಟಿಗೆ ಆ ಓಣಿ ಹೆಚ್ಚುಕಡಮೆ ೩೦ರಿಂದ ೮೦ ನ್ಯಾನೋಮೀಟರಿನವರೆಗೆ.

ಈ ಲೆಕ್ಕವನ್ನು ಮೊದಲು ಮಾಡಿದವರು ಕಂಪ್ಯೂಟರಿನ ಚಿಂತೆಯಿಂದ ಮಾಡಲಿಲ್ಲವೆಂಬುದು ನನಗೆ ಬಹಳ ಪ್ರಿಯವಾದ ವಿಷಯ. ಫ್ರಾನ್ಸಿನಲ್ಲಿ ಎಮಿಲ್ ತೆಲ್ಯೇ ಎಂಬ ವಿದ್ವಾಂಸರು ಹಳೆಯ ಇಟ್ಟಿಗೆಗಳನ್ನೂ ಸುಟ್ಟ ಮಣ್ಣಿನ ಚೂರುಗಳನ್ನೂ ಪರೀಕ್ಷಿಸಿ, ಅವು ಬೆಂದ ಕಾಲದಲ್ಲಿ ಭೂಮಿಯ ಕಾಂತಕ್ಷೇತ್ರ ಯಾವ ದಿಕ್ಕಿಗಿತ್ತೆಂಬುದನ್ನು ಶತಮಾನಗಳ ಮೇಲೂ ನೆನಪಿಟ್ಟುಕೊಂಡಿರುವುದನ್ನು ತೋರಿಸಿದ್ದರು. ಹಾಗೆ ನೆನಪಿಟ್ಟುಕೊಳ್ಳಲು ಮಣ್ಣಿಗೆ ಹೇಗೆ ಸಾಧ್ಯವಾಯಿತೆಂಬುದಕ್ಕೆ ೧೯೪೯ರಲ್ಲಿ ಉತ್ತರ ಕೊಟ್ಟವರು ಲೂಯಿ ನೇಲ್. ಇವರಿಗೆ ೧೯೭೦ರಲ್ಲಿ ನೊಬೆಲ್ ಬಹುಮಾನ ಬಂದಿತು. ಅವರ ಆ ಪ್ರಬಂಧದ ಶೀರ್ಷಿಕೆಯಲ್ಲಿಯೇ ಸುಟ್ಟ ಮಣ್ಣಿನ ಪ್ರಸ್ತಾಪವಿದೆ. ಕುಂಬಾರರ ಆವಿಗೆಯಲ್ಲಿ ಮಡಕೆ ಕೆಂಪಗೆ ಕಾದಾಗ, ಮ್ಯಾಗ್ನೆಟೈಟಿಗಾದರೆ ಸುಮಾರು ೫೮೦ ಡಿಗ್ರಿ ದಾಟಿದಾಗ, ಮಣ್ಣಿನೊಳಗಿನ ಕಬ್ಬಿಣದ ಕಣಗಳು ತಮ್ಮ ಕಾಂತತ್ವವನ್ನೇ ಕಳೆದುಕೊಳ್ಳುತ್ತವೆ; ಆವಿಗೆ ಆರುತ್ತ ಬಂದಂತೆ ಮೊದಲು ಚಂಚಲವಾಗಿ ಹೊರಳಾಡುತ್ತ, ಭೂಮಿಯ ದುರ್ಬಲ ಕ್ಷೇತ್ರಕ್ಕೆ ತುಸು ಓಲುತ್ತ, ಇನ್ನೂ ತಣ್ಣಗಾದೊಡನೆ ಆ ಓಲುವಿಕೆಯಲ್ಲಿಯೇ ಹೆಪ್ಪುಗಟ್ಟಿ ನಿಲ್ಲುತ್ತವೆ. ನಮ್ಮ ಬೆಳಗಾವಿ ಕಲಬುರಗಿಗಳವರೆಗೂ ಹರಡಿರುವ ದಖನ್ನಿನ ಕಪ್ಪುಶಿಲೆ ಆರೂವರೆ ಕೋಟಿ ವರ್ಷದ ಹಿಂದೆ ಕರಗಿ ಹರಿದು ತಣಿದಾಗಲೂ ಹೀಗೆಯೇ ಆಯಿತು. ಆ ಕಲ್ಲಿನ ನೆನಪನ್ನು ಓದಿದ ಸಂಶೋಧಕರಿಗೆ ಭಾರತವು ಅಂದು ಭೂಮಧ್ಯರೇಖೆಯ ದಕ್ಷಿಣಕ್ಕಿತ್ತೆಂಬುದು ಗೊತ್ತಾಯಿತು.

ನೇಲ್ ಅವರ ಸೂತ್ರವನ್ನು ಮಾತಿನಲ್ಲಿ ಹೇಳುವುದಾದರೆ, ಕಣವೊಂದು ತನ್ನ ದಿಕ್ಕನ್ನು ಉಳಿಸಿಕೊಳ್ಳುವ ಸರಾಸರಿ ಕಾಲವು ಕಟ್ಟೆಯ ಎತ್ತರಕ್ಕೂ ಉಷ್ಣದ ಅಲೆಗೂ ಇರುವ ಪ್ರಮಾಣದ ಘಾತಾಂಕದಂತೆ ಬೆಳೆಯುತ್ತದೆ: ಪ್ರಮಾಣ ಒಂದಂಕಿ ಹೆಚ್ಚಿದರೆ ಕಾಲ ಎರಡೂಮುಕ್ಕಾಲು ಪಟ್ಟಿನಷ್ಟಾಗುತ್ತದೆ, ಇನ್ನೊಂದಂಕಿ ಹೆಚ್ಚಿದರೆ ಮತ್ತೆ ಎರಡೂಮುಕ್ಕಾಲು ಪಟ್ಟು. ಆರಂಭದ ಅಳತೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ. ಇಷ್ಟನ್ನು ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನಿಗೆ ಹೇಳಿದಾಗ, ಅವನು ಒಂದು ಸಂಜೆ ಕೂತು ತನ್ನ ಲ್ಯಾಪ್‌ಟಾಪಿನಲ್ಲಿ ಪುಟ್ಟದೊಂದು ಮಾದರಿಯನ್ನು ಬರೆದ. ಕೋಬಾಲ್ಟ್ ಲೋಹದ ಗುಂಡನೆಯ ಕಣ. ಅದರ ದಿಕ್ಕಿನ ಹಟದ ಬೆಲೆ ಪುಸ್ತಕದಲ್ಲಿರುವಂತೆ ಘನಮೀಟರಿಗೆ ನಾಲ್ಕೂವರೆ ಲಕ್ಷ ಜೂಲ್. ಉಷ್ಣತೆ ೨೭ ಡಿಗ್ರಿ. ಬಂದ ಉತ್ತರಗಳನ್ನು ಕಂಡು, ಸೂತ್ರವನ್ನು ಮೊದಲೇ ಅರಿತಿದ್ದ ನನಗೂ ಮೈ ಜುಮ್ಮೆಂದಿತು. ೧೦ ನ್ಯಾನೋಮೀಟರಿನ ಕಣ ತನ್ನ ದಿಕ್ಕನ್ನು ಸುಮಾರು ೧೬ ಕೋಟಿ ವರ್ಷ ನೆನಪಿಡುತ್ತದೆ. ೯ ನ್ಯಾನೋಮೀಟರಿನದು ೩೩ ವರ್ಷ. ೮ ನ್ಯಾನೋಮೀಟರಿನದು ಒಂದೂಕಾಲು ಗಂಟೆ. ೭ ನ್ಯಾನೋಮೀಟರಿನದು ಸೆಕೆಂಡಿನ ಮೂರನೆಯ ಒಂದು ಭಾಗ, ರೆಪ್ಪೆ ಬಡಿಯುವಷ್ಟು ಹೊತ್ತು. ಒಂದು ನ್ಯಾನೋಮೀಟರೆಂದರೆ ಸಾಲಾಗಿಟ್ಟ ನಾಲ್ಕು ಪರಮಾಣುಗಳ ಅಗಲ ಮಾತ್ರ. ಹತ್ತರಿಂದ ಏಳಕ್ಕೆ ಇಳಿಯುವಷ್ಟರಲ್ಲಿ, ಹನ್ನೆರಡು ಪರಮಾಣುಗಳಗಲದ ವ್ಯತ್ಯಾಸದಲ್ಲಿ, ಯುಗಯುಗಾಂತರದ ನೆನಪು ಕ್ಷಣಮಾತ್ರದ ನೆನಪಾಗಿಬಿಡುತ್ತದೆ. ನಿಸರ್ಗದಲ್ಲಿ ಇಷ್ಟು ಕಡಿದಾದ ಇಳಿಜಾರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಉಷ್ಣತೆಯನ್ನು ತುಸು ಬದಲಾಯಿಸಿ ನೋಡೆಂದೆ. ೨೭ರ ಬದಲು ೪೭ ಡಿಗ್ರಿ, ಎಂದರೆ ಬಹಳ ಹೊತ್ತು ನಡೆದ ಯಂತ್ರದ ಒಡಲಲ್ಲಿ ಇರಬಹುದಾದ ಬಿಸಿ. ೯ ನ್ಯಾನೋಮೀಟರಿನ ಕಣದ ೩೩ ವರ್ಷಗಳು ಎರಡೂವರೆ ವರ್ಷಕ್ಕೆ ಇಳಿದುವು.

“ತಾತ, ಒಂದು ಮಾತು. ನಾನು ಎಲ್ಲಾ ಕಣಾನೂ ಒಂದೇ ಸೈಜು ಅಂತ ತಗೊಂಡಿದ್ದೀನಿ. ನಿಜವಾಗ್ಲೂ ಹಾಗಿರುತ್ತಾ?” ಎಂದು ಅವನೇ ಕೇಳಿದ. ಇಡೀ ವಿಷಯದ ಜೀವಾಳವಾದ ಪ್ರಶ್ನೆ ಅದು. ಒಕ್ಕಣೆ ಮಾಡಿ ತೂರಿದ ರಾಗಿಯ ರಾಶಿಯಲ್ಲಿಯೂ ದಪ್ಪಕಾಳು ಸಣ್ಣಕಾಳು ಜೊಳ್ಳು ಎಲ್ಲವೂ ಇರುತ್ತವೆ. ಮನುಷ್ಯ ತಯಾರಿಸಿದ ಕಾಂತಕಣಗಳ ರಾಶಿಯೂ ಅಷ್ಟೇ, ಅದನ್ನು ಒಕ್ಕಿ ಬೇರ್ಪಡಿಸಬಲ್ಲ ಜರಡಿಯಾಗಲಿ ಮೊರವಾಗಲಿ ಸುಲಭವಾಗಿ ದೊರೆಯತಕ್ಕದ್ದಲ್ಲ. ಸರಾಸರಿ ೯ ನ್ಯಾನೋಮೀಟರಿದ್ದು, ಅದರ ಹತ್ತನೆಯ ಒಂದಂಶದಷ್ಟು ಅತ್ತಿತ್ತ ಹರಡಿದೆಯೆಂದು ಮಾದರಿಗೆ ತಿಳಿಸಿದಾಗ, ನೂರಕ್ಕೆ ಹದಿಮೂರು ಕಣಗಳು ೮ ನ್ಯಾನೋಮೀಟರಿಗಿಂತ ಕೆಳಗೆ ಬಿದ್ದುವು; ಸರಾಸರಿ ಕಣವು ಒಂದು ತಲೆಮಾರಿನ ಕಾಲ ನೆನಪಿಡುವುದೆಂದು ನಾವು ನೆಮ್ಮದಿಯಿಂದ ಇರುವಾಗಲೇ, ಎಂಟರಲ್ಲೊಂದು ಕಣ ಗಂಟೆಯೊಂದೆರಡು ಕಳೆಯುವುದರೊಳಗೆ ಬರೆದುದನ್ನು ಮರೆತಿರುತ್ತದೆ. ಸರಾಸರಿಯನ್ನು ನಂಬಿದ ಮಾದರಿ ಇಲ್ಲಿ ತಪ್ಪು ಹೇಳುತ್ತದೆ. ಹಾರ್ಡ್ ಡಿಸ್ಕಿನ ತಯಾರಕರು ಕಟ್ಟೆಯ ಎತ್ತರಕ್ಕೂ ಉಷ್ಣದ ಅಲೆಗೂ ಇರುವ ಆ ಪ್ರಮಾಣವನ್ನು ೪೦ಕ್ಕೆ ನಿಲ್ಲಿಸಿದರೆ ಹತ್ತು ವರ್ಷಕ್ಕೆ ಹತ್ತಿರ ಬರಬಹುದಾದರೂ, ೬೦ರ ಆಸುಪಾಸಿನಲ್ಲಿ ಇರಿಸಿಕೊಳ್ಳುವುದು ಈ ಜೊಳ್ಳಿನ ಭಯದಿಂದಲೇ.

ಅವ್ವನ ಹಾಡಿನ ಒಗಟು ಬಿಡಿಸಿಕೊಂಡದ್ದೂ ಇಲ್ಲಿಯೇ. ಕ್ಯಾಸೆಟ್ಟಿನ ಕಂದುಬಣ್ಣದ ಪಟ್ಟಿಯ ಮೇಲೆ ಬಳಿದಿರುವುದು ಕಬ್ಬಿಣದ ಆಕ್ಸೈಡಿನ ಸೂಜಿಯಾಕಾರದ ಕಣಗಳು. ಒಂದೊಂದೂ ಸುಮಾರು ಅರ್ಧ ಮೈಕ್ರಾನ್ ಉದ್ದ, ಎಂದರೆ ೫೦೦ ನ್ಯಾನೋಮೀಟರು. ಸೂಜಿಯ ಆಕಾರವೇ ಅವುಗಳನ್ನು ಅಷ್ಟು ಉದ್ದವಿದ್ದರೂ ಪಾಲಾಗಗೊಡದೆ ದಿಕ್ಕಿನ ಹಟವನ್ನು ಕೊಟ್ಟಿದೆ, ಗಾತ್ರವೂ ಧಾರಾಳವಾಗಿದೆ. ಉಷ್ಣದ ಅಲೆಗೆ ಅವು ಜಗ್ಗುವುದಿಲ್ಲ. ಆದರೆ ರಾಶಿಯಲ್ಲಿ ಒಡೆದ ಚೂರುಗಳೂ ಅತಿಸಣ್ಣ ನುಚ್ಚುಗಳೂ ಸೇರಿರುತ್ತವೆ. ಈ ನುಚ್ಚಿನಲ್ಲಿ ಕ್ಷಣಕ್ಷಣಕ್ಕೆ ಮರೆಯುವಷ್ಟು ಚಿಕ್ಕವು ಯಾರಿಗೂ ತೊಂದರೆಕೊಡವು. ತೊಂದರೆ ಇರುವುದು ಗಂಟೆ, ದಿನ, ತಿಂಗಳುಗಳ ಕಾಲ ನೆನಪಿಟ್ಟು ಆಮೇಲೆ ಹೊರಳುವ ಅರೆಚಂಚಲ ಕಣಗಳಿಂದ. ಪಟ್ಟಿಯನ್ನು ಉರುಳೆಗೆ ಸುತ್ತಿಟ್ಟಾಗ ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಒತ್ತಿಕೊಂಡಿರುತ್ತದೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಪಟ್ಟಿಯ ದಪ್ಪ ೧೨ ಮೈಕ್ರಾನಿನಷ್ಟು ಮಾತ್ರ. ಅವ್ವನ ದನಿ ತುಂಬಿದ ಸುತ್ತಿನ ಕಾಂತಕ್ಷೇತ್ರವು ಆ ತೆಳುವಾದ ಪಟ್ಟಿಯನ್ನು ಹಾದು ನೆರೆಯ ಸುತ್ತಿನ ಮೌನವನ್ನು ಮುಟ್ಟುತ್ತದೆ. ಅಲ್ಲಿನ ಗಟ್ಟಿಕಣಗಳು ಅಲುಗುವುದಿಲ್ಲ, ಅರೆಚಂಚಲ ಕಣಗಳು ಮಾತ್ರ ಹೊರಳುವಾಗಲೆಲ್ಲ ಆ ದನಿಯ ಕಡೆಗೇ ಹೆಚ್ಚಾಗಿ ಹೊರಳುತ್ತ, ಮೂವತ್ತೆಂಟು ವರ್ಷಗಳ ಅವಧಿಯಲ್ಲಿ ಅದರ ಒಂದು ಮಸುಕಾದ ಅಚ್ಚನ್ನು ತಮ್ಮಲ್ಲಿ ಮೂಡಿಸಿಕೊಂಡಿದ್ದುವು. ಪಟ್ಟಿ ಓಡುವ ವೇಗ ಸೆಕೆಂಡಿಗೆ ೪.೭೬ ಸೆಂಟಿಮೀಟರು, ಉರುಳೆಯ ಒಂದು ಸುತ್ತು ಹತ್ತು ಸೆಂಟಿಮೀಟರಿನ ಆಸುಪಾಸು, ಭಾಗಿಸಿದರೆ ಎರಡು ಸೆಕೆಂಡು. ನಾನು ಕೇಳಿದ ಅಂತರವೂ ಅದೇ. ಕಣದ ಗಾತ್ರದ ಹರಹನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರುಂಟು. ನನಗೆ ಅದು ಕಿವಿಯಲ್ಲಿ ಕೇಳಿಸಿತು.

ಗಣಿತದ ಮಾದರಿಗಳನ್ನು ಕುರಿತು ನನ್ನ ಅಭಿಪ್ರಾಯವನ್ನು ಇಲ್ಲಿ ಹೇಳುವುದು ಉಚಿತವೆನಿಸುತ್ತದೆ. ಕಣಗಳು ಒಂದನ್ನೊಂದು ಪ್ರಭಾವಿಸದೆ ಒಂಟಿಯಾಗಿವೆಯೆಂದು ಮೊಮ್ಮಗನ ಮಾದರಿ ಭಾವಿಸಿತ್ತು. ನಿಜವಾದ ತಟ್ಟೆಯಲ್ಲಿ ಅವು ಒತ್ತೊತ್ತಾಗಿ ಕೂತು, ನೆರೆಯವರ ಕ್ಷೇತ್ರದಿಂದ ಒಬ್ಬರ ಕಟ್ಟೆ ಏರುವುದೂ ಮತ್ತೊಬ್ಬರದು ತಗ್ಗುವುದೂ ನಡೆದೇ ಇರುತ್ತದೆ. ಇನ್ನೊಂದು ತೊಡಕು ಕಣದ ಮೇಲ್ಮೈಯದು. ೧೦ ನ್ಯಾನೋಮೀಟರಿನ ಕೋಬಾಲ್ಟ್ ಕಣದಲ್ಲಿ ಅರ್ಧ ಲಕ್ಷಕ್ಕೆ ತುಸು ಕಡಮೆ ಪರಮಾಣುಗಳಿದ್ದು ಏಳರಲ್ಲೊಂದು ಪಾಲು ಹೊರಮೈಯಲ್ಲಿರುತ್ತವೆ. ೪ ನ್ಯಾನೋಮೀಟರಿಗೆ ಇಳಿದಾಗ ಮೂರರಲ್ಲೊಂದು ಪಾಲು. ಹೊರಮೈಯ ಪರಮಾಣುವಿಗೆ ಒಂದು ಕಡೆ ನೆಂಟರಿಲ್ಲ, ಅದರ ನಡತೆ ಒಳಗಿನವರಂತಲ್ಲ. ಆದುದರಿಂದ ದೊಡ್ಡ ಗಟ್ಟಿಯಲ್ಲಿ ಅಳೆದ ಹಟದ ಬೆಲೆಯನ್ನು ಚಿಕ್ಕ ಕಣಕ್ಕೆ ಹಾಗೆಯೇ ಅಂಟಿಸುವುದು ಸಲ್ಲದು. ಇವೆಲ್ಲವನ್ನೂ ಸೇರಿಸಿ, ಪ್ರತಿಯೊಂದು ಕಣದ ಕಾಂತವೂ ಕ್ಷಣಕ್ಷಣಕ್ಕೆ ಹೇಗೆ ಓಲಾಡುತ್ತದೆಂಬುದನ್ನು ಲಂಡೌ ಮತ್ತು ಲಿಫ್‌ಶಿಟ್ಸ್ ೧೯೩೫ರಲ್ಲಿ ಕೊಟ್ಟ ಸಮೀಕರಣದ ಮಾರ್ಗದಲ್ಲಿ ಕಂಪ್ಯೂಟರಿನಿಂದ ಲೆಕ್ಕಹಾಕಿಸುವ ಪದ್ಧತಿ ಬಹಳ ಬೆಳೆದಿದೆ. ಆದರೆ ಆ ಲೆಕ್ಕದ ಒಂದು ಹೆಜ್ಜೆ ಸೆಕೆಂಡಿನ ಲಕ್ಷಕೋಟಿಯಲ್ಲೊಂದು ಭಾಗವನ್ನು ಮೀರುವಂತಿಲ್ಲ. ಕಂಪ್ಯೂಟರು ಸೆಕೆಂಡಿಗೆ ನೂರು ಕೋಟಿ ಹೆಜ್ಜೆಗಳನ್ನು ಇಟ್ಟರೂ, ಡಿಸ್ಕೊಂದರ ಹತ್ತು ವರ್ಷದ ಬಾಳನ್ನು ಹೀಗೆ ನಡೆದು ಮುಗಿಸಲು ಹತ್ತು ಸಾವಿರ ವರ್ಷ ಹಿಡಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗದಂಥ ಮಹಾಗಣಕವೂ ಇದನ್ನು ನೇರವಾಗಿ ನೀಗಿಸದು, ಏಕೆಂದರೆ ಅನೇಕ ಕಣಗಳ ಲೆಕ್ಕವನ್ನು ಅನೇಕ ಗಣಕಗಳಿಗೆ ಹಂಚಬಹುದೇ ಹೊರತು, ನಾಳೆಯ ಹೆಜ್ಜೆಯನ್ನು ಇಂದಿನ ಹೆಜ್ಜೆಗಿಂತ ಮುಂಚೆ ಇಡಲಾಗುವುದಿಲ್ಲ. ಆದುದರಿಂದ ಸೂಕ್ಷ್ಮ ಲೆಕ್ಕದಿಂದ ಕಟ್ಟೆಯ ಎತ್ತರವನ್ನು ಮಾತ್ರ ಕಂಡುಕೊಂಡು, ದೀರ್ಘಕಾಲದ ಮಾತಿಗೆ ಪುನಃ ನೇಲ್ ಅವರ ಸೂತ್ರಕ್ಕೇ ಬರುತ್ತಾರೆ. ಸುಟ್ಟ ಮಣ್ಣಿಗಾಗಿ ಬರೆದ ಸೂತ್ರಕ್ಕೆ ಇಂದಿಗೂ ಇಷ್ಟು ಕೆಲಸವಿದೆ.

ಇನ್ನು ಡಿಸ್ಕಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲನೆಯ ಯಂತ್ರದಲ್ಲಿ ಎರಡಡಿ ಅಗಲದ ೫೦ ತಟ್ಟೆಗಳಿದ್ದು ೫೦ ಲಕ್ಷ ಅಕ್ಷರಗಳು ಹಿಡಿಯುತ್ತಿದ್ದುವು. ಚದರಂಗುಲಕ್ಕೆ ಸುಮಾರು ಎರಡು ಸಾವಿರ ಬಿಟ್. ಇಂದು ಅದೇ ಚದರಂಗುಲದಲ್ಲಿ ಒಂದು ಲಕ್ಷ ಕೋಟಿಗೂ ಮೀರಿ ಹಿಡಿಯುತ್ತವೆ, ಕಣದ ಅಡ್ಡಳತೆ ೮ ನ್ಯಾನೋಮೀಟರಿನ ಹತ್ತಿರಕ್ಕೆ ಬಂದಿದೆ. ಎಂಟರ ಕೋಬಾಲ್ಟ್ ಕಣ ಒಂದೂಕಾಲು ಗಂಟೆಯಲ್ಲಿ ಮರೆಯುವುದಾದರೆ ಇದು ಹೇಗಾಯಿತೆಂದು ಕೇಳಬಹುದು. ಕೋಬಾಲ್ಟಿಗೆ ಪ್ಲಾಟಿನಂ ಬೆರೆಸಿ ಅದರ ಹಟವನ್ನು ಹೆಚ್ಚಿಸಿದರು. ಕಣಗಳನ್ನು ಗುಂಡಗೆ ಮಾಡದೆ ಕಂಬಗಳಂತೆ ಎತ್ತರಕ್ಕೆ ಬೆಳೆಸಿ, ನೆಲವನ್ನು ಹೆಚ್ಚು ಹಿಡಿಯದೆ ಗಾತ್ರವನ್ನು ಉಳಿಸಿಕೊಂಡರು. ಜಪಾನಿನ ಶುನಿಚಿ ಇವಾಸಾಕಿ ೧೯೭೦ರ ದಶಕದಲ್ಲಿ ಪ್ರತಿಪಾದಿಸಿದ ಈ ನಿಲುಗಂಬದ ಬರವಣಿಗೆ ೨೦೦೫ರಲ್ಲಿ ಮಾರುಕಟ್ಟೆಗೆ ಬಂದಿತು. ಅದಕ್ಕೂ ಮುಂಚೆ, ೧೯೯೭ರಲ್ಲಿ, ಚದರಂಗುಲಕ್ಕೆ ೩೬೦೦ ಕೋಟಿ ಬಿಟ್ಟಿನ ಸುಮಾರಿಗೆ ಉಷ್ಣವೇ ಅಡ್ಡ ನಿಲ್ಲುವುದೆಂದು ಮಾದರಿಯೊಂದರ ಮೂಲಕ ಎಚ್ಚರಿಸಿದವರಿದ್ದರು. ಆ ಗಡಿ ದಾಟಿಹೋಯಿತೆಂದು ಅವರನ್ನು ತಪ್ಪೆನ್ನುವುದು ಅನ್ಯಾಯ. ಅವರು ಗಡಿಯನ್ನು ಗುರುತಿಸಿದ್ದರಿಂದಲೇ ಬೇರೆ ದಾರಿಯನ್ನು ಹುಡುಕುವ ಕೆಲಸ ತುರ್ತಾಯಿತು.

ಮುಂದಿನ ದಾರಿ ಕಬ್ಬಿಣ ಮತ್ತು ಪ್ಲಾಟಿನಂ ಸಮಬೆರಕೆಯ ಸ್ಫಟಿಕ. ಅದರ ಹಟ ಕೋಬಾಲ್ಟಿಗಿಂತ ಹದಿನೈದು ಪಟ್ಟಿನಷ್ಟು. ೪ ನ್ಯಾನೋಮೀಟರಿನ ಕಣವೂ ವರ್ಷಗಟ್ಟಲೆ ನೆನಪಿಡಬಲ್ಲದು. ೨೦೦೦ದಲ್ಲಿ ಐ.ಬಿ.ಎಂ. ಸಂಸ್ಥೆಯ ಶೌಹೆಂಗ್ ಸುನ್, ಕ್ರಿಸ್ಟಫರ್ ಮರೆ ಮತ್ತು ಸಹೋದ್ಯೋಗಿಗಳು ಇಂಥ ಕಣಗಳನ್ನು ಬಹುಮಟ್ಟಿಗೆ ಒಂದೇ ಅಳತೆಯಲ್ಲಿ ರಸಾಯನದಿಂದ ಬೆಳೆಸಿ ತೋರಿಸಿದರು. ಆದರೆ ಅಷ್ಟು ಹಟಮಾರಿಯಾದ ಕಣಕ್ಕೆ ಬರೆಯುವುದಾದರೂ ಹೇಗೆ? ಬರೆಯುವ ತುದಿಯ ಕಾಂತಕ್ಷೇತ್ರಕ್ಕೂ ಒಂದು ಮಿತಿಯುಂಟು, ಅದು ಕಬ್ಬಿಣ ಕೋಬಾಲ್ಟುಗಳ ಬೆರಕೆ ಕೊಡಬಹುದಾದ ೨.೪ ಟೆಸ್ಲಾವನ್ನು ಮೀರಲಾರದು. ಕಣ ಚಿಕ್ಕದಾಗಬೇಕು, ನೆನಪು ಉಳಿಯಬೇಕು, ಬರೆಯಲೂ ಬರಬೇಕು. ಮೂರರಲ್ಲಿ ಎರಡನ್ನು ಹಿಡಿದರೆ ಮೂರನೆಯದು ಕೈಬಿಡುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ, ಬರೆಯುವ ಕ್ಷಣದಲ್ಲಿ ಆ ಚುಕ್ಕೆಯನ್ನು ಮಾತ್ರ ಲೇಸರ್ ಕಿರಣದಿಂದ ನಾನೂರು ಡಿಗ್ರಿಗೂ ಮೇಲೆ ಕಾಯಿಸಿ, ಕಣ ಹಟ ಬಿಟ್ಟಿರುವಾಗ ದಿಕ್ಕನ್ನು ಕೊಟ್ಟು, ನ್ಯಾನೋಸೆಕೆಂಡಿನ ಅವಧಿಯಲ್ಲಿ ಆರಿಸಿಬಿಡುವುದು. ೩೦ ಟೆರಾಬೈಟಿನ ಇಂಥ ಡಿಸ್ಕುಗಳು ಈಚೆಗೆ ಮಾರುಕಟ್ಟೆಗೂ ಬಂದಿವೆ. ಕಾಯಿಸು, ದಿಕ್ಕು ಕೊಡು, ಆರಿಸು: ಕುಂಬಾರನ ಆವಿಗೆಯಲ್ಲಿ ಎರಡು ದಿನ ನಡೆಯುತ್ತಿದ್ದ ಕೆಲಸ ಇಲ್ಲಿ ಕಣ್ಣಿಗೆ ಕಾಣದ ಚುಕ್ಕೆಯೊಂದರಲ್ಲಿ, ಊಹೆಗೆ ಸಿಗದ ವೇಗದಲ್ಲಿ ನಡೆಯುತ್ತದೆ.

ಪಿರಿಯಾಪಟ್ಟಣದ ತರುಣರಿಗೆ ನಾನು ಬರೆದ ಉತ್ತರದಲ್ಲಿ ಈ ಲೆಕ್ಕವೂ ಇತ್ತು: ಒಂದೂವರೆ ಮಿಲಿಮೀಟರಿನ ರಾಗಿಕಾಳಿನಷ್ಟು ಜಾಗದಲ್ಲಿ ೧೦ ನ್ಯಾನೋಮೀಟರಿನ ಕಣಗಳನ್ನು ಒತ್ತಿ ತುಂಬಿ, ಒಂದೊಂದೂ ಒಂದೊಂದು ಬಿಟ್ಟನ್ನು ಹಿಡಿಯುವುದಾದರೆ, ಹತ್ತು ಲಕ್ಷ ಬೈಟಿನ ಪುಸ್ತಕಗಳು ೨೦ ಕೋಟಿ ಹಿಡಿದಾವು. ಅವರ ಕನಸು ಅಸಂಗತವಲ್ಲ. ಆದರೆ ಕಾಳಿನ ಒಳಗಿನ ಕಣವನ್ನು ನೆರೆಯವರನ್ನು ಕದಲಿಸದೆ ಓದಿ ಬರೆಯುವ ಉಪಾಯ ನಮಗಿಲ್ಲ, ಹತ್ತರಿಂದ ಏಳಕ್ಕೆ ಇಳಿಯುವ ಅವಕಾಶವನ್ನು ಉಷ್ಣ ಕೊಡುವುದಿಲ್ಲ. ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿದ ಮೇಲೆ ಕಾಗದದ ಚಿಂತೆ ತೀರಿತೆಂದು ನಮ್ಮ ಕಡೆಯ ಅನೇಕರು ತಿಳಿದಿದ್ದಾರೆ. ಯಾವ ಡಿಸ್ಕೂ ಶಾಸನದ ಕಲ್ಲಲ್ಲ. ಕೆಲವೇ ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ ನಕಲುಮಾಡುವ ದುಡಿಮೆ ನಿಂತರೆ ಅದರ ನೆನಪೂ ನಿಲ್ಲುತ್ತದೆ. ಆ ದುಡಿಮೆಗೆ ಹಣವನ್ನೂ ಜನವನ್ನೂ ತಪ್ಪದೆ ಒದಗಿಸಬೇಕೆಂಬುದು ನನ್ನ ಗಾಢವಾದ ಅಭಿಪ್ರಾಯ.

ಕೃಷ್ಣರಾಜನಗರದ ತಾಯಿಗೆ ಹೇಳಬೇಕಾದದ್ದು ಇಷ್ಟು. ನಿಮ್ಮ ಕ್ಯಾಸೆಟ್ಟಿನ ಕಬ್ಬಿಣ ಮರೆತಿಲ್ಲ. ಅದರ ಸೂಜಿಗಳು ನಮ್ಮೆಲ್ಲರ ಆಯುಸ್ಸಿಗಿಂತ ಹೆಚ್ಚು ಕಾಲ ನೆನಪಿಟ್ಟಾವು. ಕೆಡುವುದು ಅದನ್ನು ಪಟ್ಟಿಗೆ ಹಿಡಿಸಿರುವ ಅಂಟು, ಮತ್ತು ತೇವದಲ್ಲಿ ಬೆಳೆಯುವ ಬೂಷ್ಟು. ಹೆಂಚಿನ ಕೆಳಗಿನ ಅಟ್ಟದಿಂದ ಅವುಗಳನ್ನು ಕೆಳಗಿಳಿಸಿ, ಒಣಗಿದ ತಂಪಾದ ಕಡೆ ಇಡಿ. ಕೇಳುವುದಕ್ಕೆ ಮೊದಲು ಒಂದೆರಡು ಸಲ ಹಿಂದಕ್ಕೂ ಮುಂದಕ್ಕೂ ಪೂರ್ತಿಯಾಗಿ ಸುತ್ತಿಸಿ, ಅಷ್ಟರಿಂದಲೇ ಆ ಅರೆಚಂಚಲ ಕಣಗಳ ಅಚ್ಚು ತಕ್ಕಮಟ್ಟಿಗೆ ಅಳಿಯುತ್ತದೆ. ತಡಮಾಡದೆ ಎರಡು ಬೇರೆಬೇರೆ ಕಡೆಗೆ ನಕಲುಮಾಡಿಸಿ, ಆಮೇಲೂ ಮೂಲವನ್ನು ಎಸೆಯಬೇಡಿ. ನನ್ನ ಕ್ಯಾಸೆಟ್ಟನ್ನು ಮೊಮ್ಮಗ ನಕಲುಮಾಡುವಾಗ, ಸುತ್ತಿಸಿದ ಮೇಲೂ ಉಳಿದಿದ್ದ ಆ ಮುಂಗೂಗನ್ನು ಯಾವುದೋ ತಂತ್ರಾಂಶದಿಂದ ತೆಗೆದು, ಪ್ರತಿಯೊಂದು ಹಾಡಿಗೂ ಮುಂಚಿನ ಮೌನವನ್ನು ಶುದ್ಧವಾಗಿ ಮಾಡಿ ತಂದುಕೊಟ್ಟ. ಅದನ್ನು ಅವನು ಪ್ರೀತಿಯಿಂದಲೇ ಮಾಡಿದ್ದ. ನಾನು ಆ ನಕಲನ್ನು ತಂಗಿಯ ಮನೆಗೆ ಕಳುಹಿಸಿ, ನನಗಾಗಿ ಇನ್ನೊಂದು ಮಾಡಿಕೊಡೆಂದು ಕೇಳಿದೆ, ಏನನ್ನೂ ತೆಗೆಯದೆ. ಅದರಲ್ಲಿ ಎರಡನೆಯ ಹಾಡು ಆರಂಭವಾಗುವ ಮೊದಲು, ಪಕ್ಕದ ಸುತ್ತಿನಿಂದ, ಅವ್ವ ಇನ್ನೂ ಮೆಲ್ಲಗೆ ಎತ್ತಿಕೊಳ್ಳುತ್ತಾಳೆ.